ಸ್ಟೀಮ್‌ವೀಲರ್ಸ್ ಮ್ಯಾಚ್: ಟಿಕೆಟ್ ತಗೊಳ್ಳಿ, ಆದರೆ ಕಥೆ ತಿಳ್ಕೊಂಡು ಹೋಗಿ

ಅಮೆರಿಕದ ಇಲಿನಾಯ್ ರಾಜ್ಯದ ಮೊಲಿನ್ ಊರಲ್ಲಿ ಕ್ವಾಡ್ ಸಿಟಿ ಸ್ಟೀಮ್‌ವೀಲರ್ಸ್ ಅಂತ ಒಂದು ಇಂಡೋರ್ ಫುಟ್‌ಬಾಲ್ ತಂಡ ಇದೆ. ಅವರ ಮ್ಯಾಚಿಗೆ ದುಡ್ಡು ಕೊಟ್ಟು ಹೋಗಬಹುದಾ ಅಂತ ಕೇಳುವವರಿಗಾಗಿ ಈ ವಿಮರ್ಶೆ. ಉತ್ತರ ಮೊದಲೇ ಹೇಳ್ತೀನಿ: ಹೋಗಿ, ಖಂಡಿತ ಹೋಗಿ. ಆದರೆ ಏನೂ ತಿಳಿಯದೆ ಹೋದರೆ ಗದ್ದಲ, ಲೈಟು, ಒಬ್ಬರ ಮೇಲೊಬ್ಬರು ಬೀಳುವ ಗಂಡಸರು, ಇಷ್ಟೇ ಕಾಣುತ್ತದೆ. ಈ ತಂಡದ 2000ದಿಂದ ಈಚಿನ ಕಥೆ ಗೊತ್ತಿದ್ದರೆ ಅದೇ ಸೀಟಿನಿಂದ ಬೇರೆಯದೇ ಆಟ ಕಾಣುತ್ತದೆ. ಹಾಗಾಗಿ ಇದರಲ್ಲಿ ಸೀಟು, ಸದ್ದು, ಕುರ್ಚಿ ಬಗ್ಗೆ ಬರೆದದ್ದಕ್ಕಿಂತ ಇತಿಹಾಸವೇ ಜಾಸ್ತಿ ಇರುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಇದು ಸಾಕರ್ ಅಲ್ಲ. ಹೆಲ್ಮೆಟ್, ಶೋಲ್ಡರ್ ಪ್ಯಾಡ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡು ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಅದನ್ನೇ ಛಾವಣಿ ಕೆಳಗೆ, ಐಸ್ ಹಾಕಿ ಆಟದ ಅಂಕಣದಷ್ಟು ಜಾಗದಲ್ಲಿ ಆಡುತ್ತಾರೆ. ಹೊರಗಿನ ಮೈದಾನ 100 ಯಾರ್ಡ್ ಉದ್ದ, 160 ಅಡಿ ಅಗಲ. ಇಲ್ಲಿ ಉದ್ದ 50 ಯಾರ್ಡ್, ಅಗಲ ಸುಮಾರು 85 ಅಡಿ. ಅಲ್ಲಿ ತಂಡಕ್ಕೆ 11 ಜನ, ಇಲ್ಲಿ 8. ಪಂಟ್ ಹೊಡೆದು ಚೆಂಡನ್ನು ದೂರ ಕಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ, ನಾಲ್ಕನೇ ಡೌನ್‌ನಲ್ಲೂ, ಅಂದರೆ ಚೆಂಡು ಮುಂದೊಯ್ಯಲು ಸಿಗುವ ಕೊನೆಯ ಅವಕಾಶದಲ್ಲೂ, ಏನಾದರೂ ಮಾಡಲೇಬೇಕು. ಸುತ್ತ ಗೋಡೆ, ಗೋಡೆಗೆ ಪ್ಯಾಡಿಂಗ್. ಔಟ್ ಆಫ್ ಬೌಂಡ್ಸ್ ಅಂತ ಆರಾಮಾಗಿ ಹೊರಗೆ ನಡೆದು ಹೋಗಲು ಜಾಗವೇ ಇಲ್ಲ, ಯಾರಾದರೂ ನಿಮ್ಮನ್ನು ಗೋಡೆಗೆ ಅಪ್ಪಳಿಸುತ್ತಾರೆ ಅಷ್ಟೇ. ಮ್ಯಾಟ್ ಮೇಲಿನ ಕಬಡ್ಡಿ ನೋಡಿದವರಿಗೆ ಆ ಇಕ್ಕಟ್ಟು, ಆ ಹತ್ತಿರದಿಂದ ಕೇಳುವ ಏದುಸಿರು ತಕ್ಷಣ ಅರ್ಥವಾಗುತ್ತದೆ. ಅಂಕಗಳಂತೂ ರಾಶಿ ರಾಶಿ. ಒಂದೇ ತಂಡ 50, 60 ಅಂಕ ಗಳಿಸುವುದು ಮಾಮೂಲಿ.

ಈಗ ಕಥೆಗೆ ಬರೋಣ. ಅದು ಶುರುವಾಗುವುದು ಮೊಲಿನ್‌ನಲ್ಲಿ ಅಲ್ಲ, ನ್ಯೂಯಾರ್ಕಿನಲ್ಲಿ.

1981ರ ಫೆಬ್ರವರಿ 11. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇಂಡೋರ್ ಸಾಕರ್ ಲೀಗಿನ ಆಲ್ ಸ್ಟಾರ್ ಪಂದ್ಯ. ನೋಡಲು ಬಂದವರಲ್ಲಿ ಜಿಮ್ ಫಾಸ್ಟರ್ ಅಂತ ಒಬ್ಬರಿದ್ದರು, ಅಮೆರಿಕದ ಅತಿ ದೊಡ್ಡ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಪ್ರಚಾರದ ಕೆಲಸ ಮಾಡುತ್ತಿದ್ದವರು. ಸಾಕರ್ ಅನ್ನು ಒಳಗೆ ಆಡಬಹುದಾದರೆ ಫುಟ್‌ಬಾಲ್ ಯಾಕಾಗಬಾರದು ಅನ್ನಿಸಿ, ಕೈಯಲ್ಲಿದ್ದ ದೊಡ್ಡ ಕವರಿನ ಮೇಲೆಯೇ ಮೈದಾನದ ಚಿತ್ರ ಗೀಚಿದರು. ಆಮೇಲೆ ಯುಎಸ್‌ಎಫ್‌ಎಲ್ ಎಂಬ ಹೊಸ ಹೊರಾಂಗಣ ಲೀಗಿಗೆ ಕೆಲಸಕ್ಕೆ ಹೋದರು, ಕವರು ಹಾಗೇ ಉಳಿಯಿತು. ಆ ಲೀಗು ಮುಗಿದ ಮೇಲೆ, 1986ರಲ್ಲಿ, ಇಲಿನಾಯ್‌ನ ರಾಕ್‌ಫೋರ್ಡ್‌ನಲ್ಲಿ ಒಂದು ಪ್ರಯೋಗ ಪಂದ್ಯ ಆಡಿಸಿದರು. 1987ರಲ್ಲಿ ನಾಲ್ಕೇ ತಂಡಗಳ ಅರೀನಾ ಫುಟ್‌ಬಾಲ್ ಲೀಗ್, ಅಂದರೆ ಎಎಫ್‌ಎಲ್, ಶುರುವಾಯಿತು. 1990ರಲ್ಲಿ ಈ ಆಟಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಒಂದು ಆಟಕ್ಕೇ ಪೇಟೆಂಟ್!

ಆ ಪೇಟೆಂಟಿನಲ್ಲಿ ಮುಖ್ಯವಾದದ್ದು ಬಲೆ. ಮೈದಾನದ ಎರಡೂ ತುದಿಯಲ್ಲಿ, ಗೋಲ್‌ಪೋಸ್ಟಿನ ಎರಡು ಬದಿಗೆ, 30 ಅಡಿ ಅಗಲ 32 ಅಡಿ ಎತ್ತರದ ಬಿಗಿಯಾದ ಬಲೆ ಕಟ್ಟುತ್ತಿದ್ದರು. ಬಲೆಯ ಕೆಳ ಅಂಚು ನೆಲದಿಂದ 8 ಅಡಿ ಮೇಲೆ. ಒದ್ದ ಚೆಂಡು ಆ ಬಲೆಗೆ ಬಡಿದು ಪುಟಿದು ವಾಪಸ್ ಬಂದರೆ ಆಟ ನಿಲ್ಲುತ್ತಿರಲಿಲ್ಲ, ಹಿಡಿದುಕೊಂಡು ಓಡಬಹುದಿತ್ತು. ಗೋಲ್‌ಪೋಸ್ಟೂ ಸಣ್ಣದು. ಎನ್‌ಎಫ್‌ಎಲ್‌ನಲ್ಲಿ 18.5 ಅಡಿ ಅಗಲ ಇದ್ದರೆ ಎಎಫ್‌ಎಲ್‌ನಲ್ಲಿ 9 ಅಡಿ, ಅಡ್ಡಪಟ್ಟಿ 15 ಅಡಿ ಎತ್ತರದಲ್ಲಿ. ಹಾಗಾಗಿ ಕಿಕ್ ತಪ್ಪುವುದು ತುಂಬಾ ಸಹಜವಾಗಿತ್ತು, ತಪ್ಪಿದ ಚೆಂಡು ಬಲೆಗೆ ಹೋಗುತ್ತಿತ್ತು, ಅಲ್ಲಿಂದ ಯಾವ ಕೋನದಲ್ಲಿ ಪುಟಿಯುತ್ತದೆ ಅಂತ ಊಹಿಸುವುದೇ ಒಂದು ವಿದ್ಯೆಯಾಗಿತ್ತು. ಈ ಬಲೆಯ ವಿಷಯ ನೆನಪಿಟ್ಟುಕೊಳ್ಳಿ.

ಫಾಸ್ಟರ್ 1995ರಲ್ಲಿ ಅಯೋವಾ ರಾಜ್ಯದ ಡಿ ಮೊಯಿನ್‌ನಲ್ಲಿ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಎಂಬ ತಂಡ ಕಟ್ಟಿದರು. ಆ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆದು ದಾಳಿ ನಡೆಸುವವನು, ಯಾರು ಗೊತ್ತಾ? ಕರ್ಟ್ ವಾರ್ನರ್. ಅಯೋವಾದವನೇ. ಎನ್‌ಎಫ್‌ಎಲ್ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟಿನಲ್ಲಿ ಯಾರೂ ಆರಿಸಲಿಲ್ಲ, ಅದೇ ಲೀಗಿನ ಗ್ರೀನ್ ಬೇ ಪ್ಯಾಕರ್ಸ್ ಟ್ರಯಲ್ಸ್‌ಗೆ ಕರೆದು 1994ರಲ್ಲಿ ವಾಪಸ್ ಕಳಿಸಿತು, ಹೊಟ್ಟೆಪಾಡಿಗೆ ಸೀಡರ್ ಫಾಲ್ಸ್‌ನ ಹೈವೀ ಅಂಗಡಿಯಲ್ಲಿ ಗಂಟೆಗೆ 5.50 ಡಾಲರಿಗೆ ಕಪಾಟಿಗೆ ಸಾಮಾನು ಜೋಡಿಸುವ ಕೆಲಸ. ಅಲ್ಲಿಂದ ಬಾರ್ನ್‌ಸ್ಟಾರ್ಮರ್ಸ್‌ಗೆ ಬಂದು ಮೂರು ಸೀಸನ್ ಆಡಿದ, ತಂಡವನ್ನು 1996, 1997 ಎರಡೂ ವರ್ಷ ಅರೀನಾ ಬೌಲ್ ಫೈನಲ್‌ಗೆ ಒಯ್ದ, ಎರಡರಲ್ಲೂ ಸೋತ. ಆಮೇಲೆ ಎನ್‌ಎಫ್‌ಎಲ್‌ನ ಸೇಂಟ್ ಲೂಯಿಸ್ ರ‍್ಯಾಮ್ಸ್ ಸೇರಿ 1999ರ ಸೀಸನ್ನಿನ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ, ಆದ. 2000ದ ಜನವರಿ 30ರಂದು ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದ, ಅದರಲ್ಲೂ ಎಂವಿಪಿ ಇವನೇ, 414 ಯಾರ್ಡ್ ಪಾಸ್ ಎಸೆದು.

ಈ ತಾರೀಖು ಯಾಕೆ ಹೇಳುತ್ತಿದ್ದೇನೆ ಅಂದರೆ, ಸ್ಟೀಮ್‌ವೀಲರ್ಸ್ ತಮ್ಮ ಮೊದಲ ಪಂದ್ಯ ಆಡಿದ್ದು ಅದೇ ವರ್ಷ, ಅದೇ ಗೆಲುವಿನ ಬೆನ್ನಿಗೆ. ಎಎಫ್‌ಎಲ್ ತನ್ನ ಕೆಳಗೆ ಸಣ್ಣ ಊರುಗಳಿಗಾಗಿ ಎಎಫ್2 ಅಂತ ಒಂದು ಮೈನರ್ ಲೀಗ್ ಶುರು ಮಾಡಿತು. ಅದರ ಮೊದಲ ಸೀಸನ್ 2000ದಲ್ಲಿ. ಫಾಸ್ಟರ್ ಮಿಸಿಸಿಪ್ಪಿ ನದಿ ದಂಡೆಯ ಕ್ವಾಡ್ ಸಿಟೀಸ್‌ನಲ್ಲಿ ತಂಡ ಹುಟ್ಟುಹಾಕಿದರು. ನದಿಯ ಒಂದು ಕಡೆ ಅಯೋವಾದ ಡಾವೆನ್‌ಪೋರ್ಟ್, ಬೆಟನ್‌ಡಾರ್ಫ್, ಇನ್ನೊಂದು ಕಡೆ ಇಲಿನಾಯ್‌ನ ರಾಕ್ ಐಲೆಂಡ್, ಮೊಲಿನ್, ಈಸ್ಟ್ ಮೊಲಿನ್. ನದಿಯಲ್ಲಿ ಓಡಾಡುತ್ತಿದ್ದ ದೊಡ್ಡ ಚಕ್ರದ ಸ್ಟೀಮ್ ಬೋಟುಗಳಿಂದ ತಂಡಕ್ಕೆ ಹೆಸರು ಬಂತು. ಎಎಫ್2ದಲ್ಲಿ ಆಟಗಾರನಿಗೆ ಸಿಗುತ್ತಿದ್ದದ್ದು ಒಂದು ಪಂದ್ಯಕ್ಕೆ ಸುಮಾರು 200 ಡಾಲರ್. ಅದರಲ್ಲಿ ಬದುಕು ನಡೆಯುವುದಿಲ್ಲ. ಎಲ್ಲರಿಗೂ ಬೇರೆ ಕೆಲಸ ಇರುತ್ತಿತ್ತು. ಆದರೂ ಯಾಕೆ ಬರುತ್ತಿದ್ದರು ಅಂದರೆ ನನ್ನ ಪ್ರಕಾರ ಉತ್ತರ ಒಂದೇ: ಪಕ್ಕದ ರಾಜ್ಯದಲ್ಲಿ, ಇದೇ ಮನುಷ್ಯ ಕಟ್ಟಿದ ತಂಡದಿಂದ, ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದವನೊಬ್ಬ ಸೂಪರ್ ಬೌಲ್‌ಗೆ ಹೋಗಿದ್ದನ್ನು ಆಗಷ್ಟೇ ಎಲ್ಲರೂ ಟಿವಿಯಲ್ಲಿ ನೋಡಿದ್ದರು.

ಮತ್ತೆ ಆ ಮೊದಲ ಸೀಸನ್ ಹೇಗಿತ್ತು! ಲೀಗ್ ಹಂತದ 16 ಪಂದ್ಯಗಳಲ್ಲಿ 16 ಗೆಲುವು. ಪ್ಲೇಆಫ್ ಸೇರಿದರೆ 19ಕ್ಕೆ 19. ಕೋಚ್ ಫ್ರಾಂಕ್ ಹೇಗಿ. ಮೊದಲ ಅರೀನಾ ಕಪ್ ಫೈನಲ್ ಮೊಲಿನ್‌ನಲ್ಲೇ ನಡೆಯಿತು, ಟೆನ್ನೆಸ್ಸೀ ವ್ಯಾಲಿ ವೈಪರ್ಸ್ ವಿರುದ್ಧ 68–59. ಮರುವರ್ಷ ಮತ್ತೆ ಫೈನಲ್, ಮತ್ತೆ ಮೊಲಿನ್‌ನಲ್ಲೇ, ರಿಚ್ಮಂಡ್ ಸ್ಪೀಡ್ ವಿರುದ್ಧ 55–51. ಲೀಗಿನ ಮೊದಲೆರಡು ಕಪ್ಪೂ ಒಂದೇ ಊರಿಗೆ. ಹುಟ್ಟಿದ ಮೊದಲ ವರ್ಷವೇ ಒಂದೂ ಸೋಲಿಲ್ಲದೆ ಕಪ್ ಎತ್ತಿದ ತಂಡಗಳು ಯಾವ ಆಟದಲ್ಲೂ ಬೆರಳೆಣಿಕೆಯಷ್ಟೇ. ಇದನ್ನು ಮೈನರ್ ಲೀಗ್ ಅಂತ ಪಕ್ಕಕ್ಕಿಡುವವರ ಮೇಲೆ ನನಗೆ ನಿಜವಾಗಿ ಬೇಜಾರು. ಸಣ್ಣ ಲೀಗಿನಲ್ಲಾದರೂ 19 ಸಲ ಸತತವಾಗಿ ಗೆಲ್ಲಬೇಕಾದರೆ 19 ಸಲವೂ ಎದುರಿನವನು ಗೆಲ್ಲಲೆಂದೇ ಬಂದಿರುತ್ತಾನೆ ಅಲ್ವಾ?

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಆ ಎತ್ತರ ಮತ್ತೆ ಬರಲಿಲ್ಲ. 2002ರ ಕಪ್ ಇಲಿನಾಯ್‌ನ ಇನ್ನೊಂದು ಊರಿನ ತಂಡ ಪಿಯೋರಿಯಾ ಪೈರೇಟ್ಸ್ ಪಾಲಾಯಿತು, ಮೊಲಿನ್‌ನವರಿಗೆ ಅದು ಎಷ್ಟು ಚುಚ್ಚಿರಬೇಕು ಅಂತ ನೀವೇ ಊಹಿಸಿ. ಅದೇ ವರ್ಷ ಎಎಫ್2 ಉಬ್ಬಿ ಉಬ್ಬಿ 34 ತಂಡಗಳಾಗಿತ್ತು. ಅಷ್ಟು ವೇಗವಾಗಿ ಬೆಳೆದದ್ದು ಅಷ್ಟೇ ವೇಗವಾಗಿ ಉದುರತೊಡಗಿತು, ಪ್ರತಿ ವರ್ಷ ಕೆಲವು ತಂಡ ಮುಚ್ಚುವುದು, ಕೆಲವು ಹೊಸದು ಬರುವುದು. ಆದರೂ ಸ್ಟೀಮ್‌ವೀಲರ್ಸ್ ಹತ್ತು ಸೀಸನ್ ಪೂರ್ತಿ ನಿಂತಿತು. 2009ರಲ್ಲಿ ಮೇಲಿನ ಎಎಫ್‌ಎಲ್ ದುಡ್ಡಿನ ತೊಂದರೆಯಿಂದ ಇಡೀ ಸೀಸನ್ ರದ್ದು ಮಾಡಿತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಎಎಫ್2 ಕೂಡ ಮುಗಿಯಿತು. ತುಲ್ಸಾ, ಸ್ಪೋಕೇನ್, ಅಯೋವಾದಂಥ ತಂಡಗಳು ಹೊಸದಾಗಿ ಕಟ್ಟಿದ ಎಎಫ್‌ಎಲ್‌ಗೆ ಹೋದವು. ಸ್ಪೋಕೇನ್ ಶಾಕ್ ಅಂತೂ 2009ರಲ್ಲಿ ಮೈನರ್ ಲೀಗ್ ಕಪ್, 2010ರಲ್ಲಿ ದೊಡ್ಡ ಲೀಗ್ ಕಪ್ ಎರಡನ್ನೂ ಗೆದ್ದಿತು. ಸ್ಟೀಮ್‌ವೀಲರ್ಸ್ ಹೋಗಲಿಲ್ಲ. ತಂಡ ಮುಚ್ಚಿತು.

2010ರಿಂದ 2017ರವರೆಗೆ ಏನೂ ಇಲ್ಲ. ಎಂಟು ವರ್ಷ.

ಆ ಎಂಟು ವರ್ಷವೂ ಕಟ್ಟಡ ಮಾತ್ರ ಅಲ್ಲೇ ನಿಂತಿತ್ತು, ಹಾಕಿ ಆಡಿಸುತ್ತಾ, ಸಂಗೀತ ಕಾರ್ಯಕ್ರಮ ನಡೆಸುತ್ತಾ. ಈ ಕಟ್ಟಡದ ಬಗ್ಗೆ ಎರಡು ಮಾತು ಹೇಳಬೇಕು, ಟಿಕೆಟ್ ತಗೊಂಡು ನೀವು ಹೋಗುವುದು ಅಲ್ಲಿಗೇ ತಾನೆ. 1993ರಲ್ಲಿ ತೆರೆದಾಗ ಇದರ ಹೆಸರು ದ ಮಾರ್ಕ್ ಆಫ್ ದ ಕ್ವಾಡ್ ಸಿಟೀಸ್. 2007ರಲ್ಲಿ ಐ ವೈರ್‌ಲೆಸ್ ಸೆಂಟರ್ ಆಯಿತು, 2017ರಲ್ಲಿ ಟ್ಯಾಕ್ಸ್‌ಸ್ಲೇಯರ್ ಸೆಂಟರ್, 2022ರಲ್ಲಿ ವೈಬ್ರಂಟ್ ಅರೀನಾ ಅಟ್ ದ ಮಾರ್ಕ್. ಪ್ರಾಯೋಜಕರು ಬದಲಾದ ಹಾಗೆ ಬೋರ್ಡು ಬದಲಾಗಿದೆ, ಒಳಗೆ ಅದೇ ಸಿಮೆಂಟು, ಅದೇ ಮೆಟ್ಟಿಲು. ಕೊನೆಯ ಬದಲಾವಣೆಯಲ್ಲಿ ಹಳೆಯ ಮಾರ್ಕ್ ಅನ್ನುವುದು ವಾಪಸ್ ಸೇರಿಕೊಂಡಿದ್ದು ನನಗೆ ಖುಷಿಯ ವಿಷಯ. 2000 ಮತ್ತು 2001ರ ಎರಡೂ ಫೈನಲ್ ಇದೇ ಛಾವಣಿ ಕೆಳಗೆ ಆಗಿದ್ದು. ಲೀಗುಗಳು ಹುಟ್ಟಿ ಸತ್ತವು, ತಂಡವೇ ಒಮ್ಮೆ ಸತ್ತು ಎದ್ದಿತು, ಆದರೆ ಆಟ ಊರು ಬಿಡಲಿಲ್ಲ, ಕಟ್ಟಡವನ್ನೂ ಬಿಡಲಿಲ್ಲ. ಮೈನರ್ ಲೀಗ್ ಇಂಡೋರ್ ಫುಟ್‌ಬಾಲ್‌ನಲ್ಲಿ ಇದು ದೊಡ್ಡ ಮಾತು. ಫಾಸ್ಟರ್ ಅವರದೇ ಬಾರ್ನ್‌ಸ್ಟಾರ್ಮರ್ಸ್ ನೋಡಿ, 2001ರ ಸೀಸನ್ ಹೊತ್ತಿಗೆ ಆ ತಂಡವನ್ನು ಮಾರಿ ನ್ಯೂಯಾರ್ಕ್ ಡ್ರಾಗನ್ಸ್ ಮಾಡಿಬಿಟ್ಟರು, ಡಿ ಮೊಯಿನ್ ಜನ ಕೈಕೈ ಹಿಸುಕಿಕೊಂಡು ಕೂತರು.

2018ರಲ್ಲಿ ಸ್ಟೀಮ್‌ವೀಲರ್ಸ್ ಹೆಸರು ಮತ್ತೆ ಬಂತು. ಮೊದಲ ವರ್ಷ ಚಾಂಪಿಯನ್ಸ್ ಇಂಡೋರ್ ಫುಟ್‌ಬಾಲ್ ಎಂಬ ಲೀಗಿನಲ್ಲಿ, 2019ರಿಂದ ಇಂಡೋರ್ ಫುಟ್‌ಬಾಲ್ ಲೀಗ್ ಅಂದರೆ ಐಎಫ್‌ಎಲ್‌ನಲ್ಲಿ. ಹೊಸ ಲೀಗಿನಲ್ಲಿ ಕಾಲೂರುವಷ್ಟರಲ್ಲೇ ಕೋವಿಡ್, 2020ರ ಸೀಸನ್ ನಡೆಯಲೇ ಇಲ್ಲ. ಹೊಸದಾಗಿ ಎದ್ದ ಸಣ್ಣ ತಂಡವೊಂದಕ್ಕೆ ಒಂದು ಇಡೀ ಸೀಸನ್ ಟಿಕೆಟ್ ದುಡ್ಡು ಹೋದರೆ ಸಾಮಾನ್ಯವಾಗಿ ಅಲ್ಲಿಗೆ ಕಥೆ ಮುಗಿಯುತ್ತದೆ. ಇದು ಮುಗಿಯಲಿಲ್ಲ. 2021ರಲ್ಲಿ ಮತ್ತೆ ಆಡಿದರು. 2022ರಲ್ಲಿ, ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪರ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವ) ಆಗಿದ್ದು ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್‌ನಲ್ಲೂ ಆಡಿದ್ದ ಕೋರಿ ರಾಸ್ ಕೋಚ್ ಆಗಿದ್ದಾಗ, ಐಎಫ್‌ಎಲ್ ಫೈನಲ್‌ಗೇ ಹೋದರು. ನೆವಾಡಾದ ಹೆಂಡರ್ಸನ್‌ನಲ್ಲಿ ನಾರ್ದರ್ನ್ ಅರಿಜೋನಾ ರ‍್ಯಾಂಗ್ಲರ್ಸ್ ವಿರುದ್ಧ ಪಂದ್ಯ. 47–45. ಎರಡೇ ಅಂಕದಿಂದ ಸೋಲು. 2001ರ ಕಪ್ಪಿಗೂ ಈ ಫೈನಲ್‌ಗೂ ನಡುವೆ 21 ವರ್ಷ. ಈ ಅಂಕಪಟ್ಟಿ ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಗೋಲ್‌ಪೋಸ್ಟ್ ನಡುವೆ ಒದ್ದು ಮೂರು ಅಂಕ ಪಡೆಯುವ ಫೀಲ್ಡ್ ಗೋಲ್ ಇನ್ನೊಂದೇ ಒಂದು ಸಿಕ್ಕಿದ್ದರೆ ಅಂತ.

ಈಗ ಸೀಟಿಗೆ ಬರೋಣ.

ನನ್ನ ಸಲಹೆ: ಗೋಡೆಗೆ ಆದಷ್ಟು ಹತ್ತಿರದ ಸಾಲು. ಮೇಲಿನ ಸಾಲಿನಿಂದ ಆಟದ ನಕ್ಷೆ ಚೆನ್ನಾಗಿ ಕಾಣುತ್ತದೆ ಅನ್ನುವುದು ನಿಜ, ಯಾರು ಎಲ್ಲಿಗೆ ಓಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಆದರೆ ನೀವು ದುಡ್ಡು ಕೊಡುತ್ತಿರುವುದು ಆ ಹತ್ತಿರಕ್ಕೆ. ಪಾಸ್ ಹಿಡಿಯುವ ಆಟಗಾರ, ಅಂದರೆ ರಿಸೀವರ್ ಒಬ್ಬ ಗೋಡೆ ಉದ್ದಕ್ಕೂ ಓಡುತ್ತಾ ತಲೆ ತಿರುಗಿಸಿ ಚೆಂಡು ಹುಡುಕುತ್ತಾನೆ, ಅವನ ಕಣ್ಣು ಹೆಲ್ಮೆಟ್ ಕಂಬಿಯ ಹಿಂದೆ ದೊಡ್ಡದಾಗುವುದು ಕಾಣುತ್ತದೆ, ಕೈಗೆ ಚೆಂಡು ಬಿದ್ದ ಅದೇ ಕ್ಷಣಕ್ಕೆ ಹಿಂದಿನಿಂದ ಡಿಫೆಂಡರ್ ಬಂದು ಇಬ್ಬರೂ ಗೋಡೆಗೆ ಬಡಿಯುತ್ತಾರೆ. ಪ್ಯಾಡಿಂಗ್ ಧಪ್ ಅಂತ ಒಳಕ್ಕೆ ಕುಸಿದು ಮತ್ತೆ ಉಬ್ಬುತ್ತದೆ. ಅದರ ಅದುರು ನಿಮ್ಮ ಕಾಲಿಗೆ ತಾಗುತ್ತದೆ. ಕೆಲವೊಮ್ಮೆ ಅರ್ಧ ದೇಹ ಗೋಡೆಯ ಈಚೆ ಬರುತ್ತದೆ, ಮುಂದಿನ ಸಾಲಿನವರು ಭುಜ ಹಿಡಿದು ನಿಲ್ಲಿಸಿ ಬೆನ್ನು ತಟ್ಟಿ ವಾಪಸ್ ಕಳಿಸುತ್ತಾರೆ. ಎನ್‌ಎಫ್‌ಎಲ್ ಮೈದಾನದಲ್ಲಿ ಎಷ್ಟೇ ದುಬಾರಿ ಟಿಕೆಟ್ ತಗೊಂಡರೂ ಇದು ಸಿಗುವುದಿಲ್ಲ.

ಮುಂದಿನ ಸಾಲಿಗೆ ಕೂರುವವರು ಫೋನಿನಲ್ಲಿ ಮುಳುಗಬೇಡಿ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ಚೆಂಡು ನಿಜವಾಗಿಯೂ ಬರುತ್ತದೆ, ಜೋರಾಗಿ ಬರುತ್ತದೆ.

ಹೊಸಬರು ಒಬ್ಬ ಆಟಗಾರನನ್ನು ಆರಿಸಿಕೊಂಡು ಅವನನ್ನೇ ನೋಡಿ. ಸ್ನ್ಯಾಪ್ ಆಗುವ ಮೊದಲೇ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವ ಮೊದಲೇ, ಹಿಂದಿನಿಂದ ಜೋರಾಗಿ ಮುಂದಕ್ಕೆ ಓಡಿಕೊಂಡು ಬರುವ ರಿಸೀವರ್ ಇರುತ್ತಾನಲ್ಲ, ಅವನನ್ನು. ಹೊರಗಿನ ಆಟದಲ್ಲಿ ಇದಕ್ಕೆ ಅವಕಾಶ ಇಲ್ಲ, ಸ್ನ್ಯಾಪ್ ಹೊತ್ತಿಗೆ ಮುಂದಕ್ಕೆ ಚಲಿಸಿದರೆ ಪೆನಾಲ್ಟಿ. ಇಲ್ಲಿ ಅವನು ಪೂರ್ತಿ ವೇಗದಲ್ಲಿ ರೇಖೆಗೆ ಬರುವುದಕ್ಕೂ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಹೋಗುವುದಕ್ಕೂ ಸರಿಹೊಂದಬೇಕು. ಅರ್ಧ ಹೆಜ್ಜೆ ಮುಂಚೆ ಬಂದರೆ ದಂಡ, ತಡವಾದರೆ ಡಿಫೆಂಡರ್ ಕಾಯುತ್ತಿರುತ್ತಾನೆ. ಈ ಲೆಕ್ಕ ಸರಿಯಾಗಿ ಕೂತಾಗ ಡಿಫೆಂಡರ್ ನಿಂತಲ್ಲೇ ನಿಂತಿರುತ್ತಾನೆ, ಇವನು ದಾಟಿ ಹೋಗಿರುತ್ತಾನೆ. ಕರ್ಟ್ ವಾರ್ನರ್ ಚೆಂಡನ್ನು ಅಷ್ಟು ಬೇಗ ಕೈಯಿಂದ ಬಿಡಲು ಕಲಿತದ್ದು ಇಂಥ ಇಕ್ಕಟ್ಟಿನಲ್ಲೇ ಅಂತ ಅನೇಕರು ಹೇಳುತ್ತಾರೆ, ಹತ್ತಿರದಿಂದ ನೋಡಿದ ಮೇಲೆ ನನಗೂ ಅದು ಹೌದು ಅನ್ನಿಸುತ್ತದೆ.

ಇನ್ನು ನನಗೆ ಕೊರತೆ ಅನ್ನಿಸಿದ ವಿಷಯ. ಬಲೆ ಇಲ್ಲ. ಪೇಟೆಂಟ್ ಇದ್ದಷ್ಟು ಕಾಲ ಎಎಫ್‌ಎಲ್ ಮತ್ತು ಅದರ ಎಎಫ್2 ಬಿಟ್ಟು ಬೇರೆ ಯಾವ ಇಂಡೋರ್ ಲೀಗೂ ಬಲೆ ಕಟ್ಟುವ ಹಾಗಿರಲಿಲ್ಲ. ಪೇಟೆಂಟ್ ಅವಧಿ 2007ರಲ್ಲಿ ಮುಗಿಯಿತು, ಆದರೂ ಐಎಫ್‌ಎಲ್ ಬಲೆ ಇಲ್ಲದ ಆಟವನ್ನೇ ಮುಂದುವರಿಸಿತು. ಹಾಗಾಗಿ ವಿಚಿತ್ರ ನೋಡಿ: ಬಲೆಯ ಆಟ ಕಂಡುಹಿಡಿದವರು ಹುಟ್ಟುಹಾಕಿದ ತಂಡ, ಅದೇ ಹೆಸರಲ್ಲಿ, ಅದೇ ಕಟ್ಟಡದಲ್ಲಿ ಆಡುತ್ತಿದೆ, ಆದರೆ ಬಲೆ ಮಾತ್ರ ಇಲ್ಲ. ಎಎಫ್2 ಕಾಲದಲ್ಲಿ ತಪ್ಪಿದ ಕಿಕ್ ಕೂಡ ಒಂದು ಹೊಸ ಆಟದ ಶುರು ಆಗಿತ್ತು, ಚೆಂಡು ಪುಟಿದು ಬರುವಾಗ ಎಲ್ಲರೂ ಸೀಟಿನಿಂದ ಏಳುತ್ತಿದ್ದರು. ಈಗ ತಪ್ಪಿದ ಕಿಕ್ ಅಂದರೆ ತಪ್ಪಿದ ಕಿಕ್ ಅಷ್ಟೇ. ಇನ್ನೊಂದು ಬದಲಾವಣೆ, ಆ ಕಾಲದಲ್ಲಿ ಹೆಚ್ಚಿನ ಆಟಗಾರರು ದಾಳಿ, ರಕ್ಷಣೆ ಎರಡೂ ಆಡಬೇಕಿತ್ತು, ಐರನ್‌ಮ್ಯಾನ್ ಅನ್ನುತ್ತಿದ್ದರು. ಮೂರನೇ ಕ್ವಾರ್ಟರ್ ಹೊತ್ತಿಗೆ ಸುಸ್ತಾಗಿ ಸೊಂಟದ ಮೇಲೆ ಕೈ ಇಟ್ಟು ನಿಂತ ದೊಡ್ಡ ದೊಡ್ಡ ದೇಹಗಳೇ ಪಂದ್ಯದ ಅರ್ಧ ಕಥೆ ಹೇಳುತ್ತಿದ್ದವು. ಈಗ ಅದಿಲ್ಲ. ಆಟ ಚುರುಕಾಗಿದೆ, ಒಪ್ಪುತ್ತೇನೆ, ಆದರೆ ಆ ಒದ್ದಾಟದಲ್ಲಿ ಒಂದು ಸೊಗಸಿತ್ತು.

ಐಎಫ್‌ಎಲ್‌ನಲ್ಲಿ ಒಂದು ಒಳ್ಳೆಯ ನಿಯಮ ಇದೆ, ಅದನ್ನೂ ಹೇಳಬೇಕು. ಅಂಕ ಬಂದ ಮೇಲೆ ಆಟ ಮತ್ತೆ ಶುರು ಮಾಡುವ ಕಿಕ್‌ಆಫ್ ಒದ್ದಾಗ ಚೆಂಡು ನೇರವಾಗಿ ಗೋಲ್‌ಪೋಸ್ಟ್ ನಡುವೆ ಹೋದರೆ ಎರಡು ಅಂಕ, ಡ್ಯೂಸ್ ಅನ್ನುತ್ತಾರೆ. ಟಚ್‌ಡೌನ್ ಆಯಿತು, ಅಂದರೆ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸಿಯಾಯಿತು ಅಂತ ನೀರು ಕುಡಿಯಲು ಎದ್ದು ಹೋಗಬೇಡಿ, ಮುಂದಿನ ಕಿಕ್‌ನಲ್ಲೇ ಇನ್ನೆರಡು ಅಂಕ ಬರಬಹುದು. ಎರಡು ಅಂಕದಿಂದ ಫೈನಲ್ ಸೋತ ತಂಡದ ಮ್ಯಾಚಿನಲ್ಲಿ ಕೂತು ಡ್ಯೂಸ್ ಪ್ರಯತ್ನ ನೋಡುವಾಗ ಎದೆ ಸ್ವಲ್ಪ ಜಾಸ್ತಿಯೇ ಬಡಿದುಕೊಳ್ಳುತ್ತದೆ. ಮತ್ತೆ ಗಡಿಯಾರ, ಅದು ಬಹುಪಾಲು ನಿಲ್ಲದೆ ಓಡುತ್ತದೆ, ಪ್ರತಿ ಅರ್ಧದ ಕೊನೆಯ ಒಂದು ನಿಮಿಷದಲ್ಲಿ ಮಾತ್ರ ಇನ್‌ಕಂಪ್ಲೀಟ್ ಪಾಸ್ (ಯಾರೂ ಹಿಡಿಯದ ಪಾಸ್) ಅಂಥದ್ದಕ್ಕೆ ನಿಲ್ಲುತ್ತದೆ. ಆ ಕೊನೆಯ ನಿಮಿಷ ಒಂದು ಬೇರೆಯೇ ಪಂದ್ಯ. 50 ಯಾರ್ಡ್ ಮೈದಾನದಲ್ಲಿ ಒಂದು ನಿಮಿಷ ಅಂದರೆ ತುಂಬಾ ಸಮಯ, ಎರಡು ಟಚ್‌ಡೌನ್ ಹಿಂದಿದ್ದವರೂ ಗೆದ್ದುಬಿಡಬಹುದು. ಬೇಗ ಹೊರಟು ಪಾರ್ಕಿಂಗ್‌ನಿಂದ ಕಾರು ತೆಗೆಯೋಣ ಅಂತ ಏಳುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ಸದ್ದಿನ ವಿಷಯ ಒಂದು ಮಾತು. ಹಾಡು, ಅನೌನ್ಸರ್, ಗೋಡೆಗೆ ಕೈ ಬಡಿಯುವ ಜನ, ಎಲ್ಲ ಛಾವಣಿಗೆ ತಾಗಿ ವಾಪಸ್ ಬರುತ್ತದೆ. ಇದು ಈ ಆಟದ ಗುಣವೇ, ಯಾವ ಇಂಡೋರ್ ತಂಡದ ಮ್ಯಾಚಿಗೆ ಹೋದರೂ ಹೀಗೇ. ಸಣ್ಣ ಮಕ್ಕಳಿದ್ದರೆ ಕಿವಿಗೆ ಹಾಕುವ ಮಫ್ ಒಯ್ಯಿರಿ. ಮಕ್ಕಳನ್ನು ಕರೆದುಕೊಂಡು ಹೋಗಿ ಅಂತಲೇ ನಾನು ಹೇಳುವುದು, ಹೀಗೆ ಕೈಗೆ ಎಟುಕುವ ಹತ್ತಿರದಲ್ಲಿ ವೃತ್ತಿಪರ ಆಟಗಾರರನ್ನು ಮಕ್ಕಳು ಬೇರೆಲ್ಲಿ ನೋಡುತ್ತಾರೆ?

ಟಿಕೆಟ್ ಕೊಳ್ಳುವಾಗ ಎಚ್ಚರ. ಮರುಮಾರಾಟದ ಒಂದು ಆನ್‌ಲೈನ್ ಕಂಪನಿಯಲ್ಲಿ ನಾನು ಹುಡುಕಿದಾಗ ಮೊದಲ ಪುಟದಲ್ಲಿ ಒಂದು ಬೆಲೆ, ದುಡ್ಡು ಕಟ್ಟುವ ಪುಟಕ್ಕೆ ಹೋಗುವಷ್ಟರಲ್ಲಿ ಏನೇನೋ ಶುಲ್ಕ ಸೇರಿ ಇನ್ನೊಂದು ಬೆಲೆ. ಅಂಥ ಕಡೆ ಹೋಗುವ ಅಗತ್ಯವೇ ಇಲ್ಲ. ತಂಡದಿಂದಲೋ ಅರೀನಾದ ಬಾಕ್ಸ್ ಆಫೀಸಿನಿಂದಲೋ ನೇರ ತಗೊಳ್ಳಿ. ಹಾಕಿಗೆ ಸುಮಾರು 9 ಸಾವಿರ ಜನ ಹಿಡಿಸುವ ಜಾಗ ಅದು, ಸೀಟು ಸಿಗದೆ ವಾಪಸ್ ಬರುವ ಭಯ ಬೇಡ. ಷಿಕಾಗೋದಿಂದ ಮೂರು ಗಂಟೆಯ ಒಳಗಿನ ಡ್ರೈವ್, ಡಿ ಮೊಯಿನ್ ಕಡೆಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಪಂದ್ಯಗಳು ಮಾರ್ಚ್ ಹೊತ್ತಿಗೆ ಶುರುವಾಗಿ ಬೇಸಿಗೆಯಲ್ಲಿ ಮುಗಿಯುತ್ತವೆ.

ಅಂಕ ಕೊಡಿ ಅಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿ ಬಲೆಗೆ, ಅದಕ್ಕೆ ಮೊಲಿನ್‌ನವರು ಹೊಣೆ ಅಲ್ಲ, ಲೀಗಿನ ನಿಯಮ ಹಾಗಿದೆ. ಎನ್‌ಎಫ್‌ಎಲ್ ಮಟ್ಟದ ನಿಖರ ಆಟವೇ ಬೇಕು ಅನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ, ಪಾಸ್ ಕೈತಪ್ಪುತ್ತವೆ, ಕಿಕ್‌ಗಳು ಎಲ್ಲೆಲ್ಲಿಗೋ ಹೋಗುತ್ತವೆ. ಉಳಿದವರೆಲ್ಲ ಹೋಗಿ. ಯಾವ ಪಂದ್ಯ ಆರಿಸಿಕೊಳ್ಳಬೇಕು ಅನ್ನುವವರಿಗೆ, ಗ್ರೀನ್ ಬೇ ಬ್ಲಿಜರ್ಡ್ ಮೊಲಿನ್‌ಗೆ ಬರುವ ದಿನ ನೋಡಿ. ಅವರೂ ಎಎಫ್2ದಲ್ಲಿ ಆಡಿದವರೇ, ಈಗ ಐಎಫ್‌ಎಲ್‌ನಲ್ಲೂ ಎದುರಾಳಿಗಳು, 2025ರ ಐಎಫ್‌ಎಲ್ ಫೈನಲ್‌ನಲ್ಲಿ ವೇಗಸ್ ನೈಟ್ ಹಾಕ್ಸ್‌ಗೆ 64–61ರಲ್ಲಿ ಸೋತು ಬಂದವರು. ಎರಡೂ ಕಡೆಯವರಿಗೆ ತೀರಿಸಬೇಕಾದ ಲೆಕ್ಕ ಇದೆ, ಆ ಪಂದ್ಯಕ್ಕೆ ಮುಂದಿನ ಸಾಲಿನ ಸೀಟು ಬೇಕಾದರೆ ಸ್ವಲ್ಪ ಮುಂಚೆಯೇ ತಗೊಳ್ಳಿ.